ಕೋಳಿ ತೂಕಡಿಸಿತೆಂದು ಕ್ಯಾಪ್ಸೂಲ್ ಒಡೆಯಬೇಡಿ

ವರ್ತೂರು, ಗುಂಜೂರು, ಹೆಬ್ಬಗೋಡಿ ಕಡೆ ಅಪಾರ್ಟ್‌ಮೆಂಟ್ ಕಾಂಪೌಂಡಿಗೆ ಅಂಟಿಕೊಂಡೇ ನಾಟಿ ಕೋಳಿ ಸಾಕುವ ಹಿತ್ತಿಲುಗಳು ಇನ್ನೂ ಉಳಿದಿವೆ. ಕೋಳಿ ತೂಕಡಿಸಿದರೆ ಮೆಡಿಕಲ್ ಸ್ಟೋರ್‌ನಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ನೀರಿನ ಬೋಗುಣಿಗೆ ಒಡೆದು ಹಾಕುವವರೂ ಇದ್ದಾರೆ. ಎಷ್ಟೋ ಸಲ ಅದು ದಂಡ.

ಬೇಸಿಗೆಯಲ್ಲಿ ಗೂಡಿಗೆ ಗೂಡನ್ನೇ ಖಾಲಿ ಮಾಡುವ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ವೈರಸ್‌ನಿಂದ ಬರುವಂಥದ್ದು. ಹಸಿರು ಹಿಕ್ಕೆ, ಏದುಸಿರು, ತಿರುಚಿದ ಕತ್ತು ಕಂಡರೆ ಮೊದಲ ಅನುಮಾನ ಅದರ ಮೇಲೆಯೇ. ಆಂಟಿಬಯಾಟಿಕ್ ವೈರಸ್‌ಗೆ ನಾಟುವುದಿಲ್ಲ. ಮರಿಗಳ ರಕ್ತಭೇದಿಗೆ ಸಾಮಾನ್ಯ ಕಾರಣ ಕಾಕ್ಸಿಡಿಯಾ ಎಂಬ ಪರಾವಲಂಬಿ. ಅದರ ಔಷಧವೇ ಬೇರೆ.

ಬ್ಯಾಕ್ಟೀರಿಯಾದ್ದೇ ಕಾಯಿಲೆ ಅಂದುಕೊಳ್ಳೋಣ. ಆಗಲೂ ಬೋಗುಣಿಯ ಲೆಕ್ಕ ತಪ್ಪುತ್ತದೆ. ಕಾಯಿಲೆಯ ಹೇಂಟೆ ಮೂಲೆ ಹಿಡಿದು ಕೂತಿರುತ್ತದೆ, ಗಟ್ಟಿಮುಟ್ಟಾದ ಹುಂಜ ಬಂದು ಹೊಟ್ಟೆತುಂಬ ಕುಡಿದು ಹೋಗುತ್ತದೆ. ಅರೆಬರೆ ಔಷಧಕ್ಕೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂಥವು. ಹಿಕ್ಕೆ, ಗೊಬ್ಬರ, ನಮ್ಮ ಕೈಗಳ ಮೂಲಕ ಅಡುಗೆಮನೆಗೂ ಬರುತ್ತವೆ. ಐಸಿಯು ರೋಗಿಗಳಿಗೆ ಕಡೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಅನ್ನು ಕೋಳಿಗಳಿಗೆ ಕೊಡದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ರಾಣಿಖೇತ್‌ಗೆ ಇರುವ ದಾರಿ ಲಸಿಕೆ. ಮೊದಲ ವಾರ ಲಸೋಟಾ, ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರದ ಹೊತ್ತಿಗೆ ರೆಕ್ಕೆಯಡಿ ಆರ್‌2ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರಾರು ಡೋಸ್ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಓಣಿಯವರೆಲ್ಲ ಸೇರಿ ಒಂದೇ ದಿನ ಹಾಕಿಸುವುದು ಜಾಣತನ. ಮುಂದಿನ ಲಸೋಟಾವನ್ನು ಕುಡಿಯುವ ನೀರಲ್ಲಿ ಕೊಡುವುದಾದರೆ ನಲ್ಲಿಯ ಕಾವೇರಿ ನೀರು ಬೇಡ, ಅದರ ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ. ಬೋರ್‌ವೆಲ್ ನೀರಿಗೆ ಲೀಟರಿಗೊಂದು ಸಣ್ಣ ಚಮಚ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ.

ಕೋಳಿ ಮಂಕಾಯಿತೋ, ಮೊದಲು ಬೇರೆ ಮಂಕರಿಯಡಿ ಮುಚ್ಚಿ, ಆಮೇಲೆ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಡಾಕ್ಟರು ಆಂಟಿಬಯಾಟಿಕ್ ಬರೆದರೆ ಹೇಳಿದಷ್ಟು ದಿನವೂ ಕೊಡಿ. ಕೋಳಿ ಚೇತರಿಸಿತೆಂದು ನಡುವೆ ಬಿಡಬೇಡಿ, ಮಿಕ್ಕಿದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿ.

ಕೊನೆಯ ಡೋಸ್ ಕೊಟ್ಟ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಷ್ಟು ದಿನ ಕಾಯಬೇಕೆಂದು ಔಷಧದ ಲೇಬಲ್ಲೇ ಹೇಳುತ್ತದೆ. ಹೇಳದಿದ್ದರೆ ಕಾನೂನಿನ ಪ್ರಕಾರ ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಅಪಾರ್ಟ್‌ಮೆಂಟಿನವರು ನಾಟಿ ಮೊಟ್ಟೆಗೆ ಹೆಚ್ಚು ದುಡ್ಡು ಕೊಡುವುದೇ ಅದರಲ್ಲಿ ಔಷಧವಿಲ್ಲವೆಂದು ನಂಬಿ. ಆ ದಿನಗಳ ಮೊಟ್ಟೆ ಅವರಿಗೂ ಬೇಡ, ನಿಮ್ಮ ಮಕ್ಕಳಿಗೂ ಬೇಡ. ಅಷ್ಟರೊಳಗೆ ವರ್ಷತೊಡಕು ಬಂದರೆ ಆ ಹುಂಜವನ್ನು ಬಿಟ್ಟು ಅಂಗಡಿಯಿಂದ ಮಟನ್ ತನ್ನಿ.