ಮನೆಯ ಭಾವಚಿತ್ರಗಳನ್ನು ಪರೀಕ್ಷಿಸಿ ನೋಡೋಣ

ಹಿರಿಯರು ಲಿಂಗೈಕ್ಯರಾದ ಮನೆಗಳಲ್ಲಿ ಮೊದಲ ದಿನವೇ ಎದುರಾಗುವ ಒಂದು ತೊಂದರೆಯನ್ನು ನಾವೆಲ್ಲರೂ ಕಂಡಿದ್ದೇವೆ. ಕಟ್ಟು ಹಾಕಿಸಿ ಮಾಲೆಯೇರಿಸಲು ಅವರ ಒಂದು ಒಳ್ಳೆಯ ಭಾವಚಿತ್ರ ದೊರೆಯುವುದಿಲ್ಲ. ಫೋನಿನಲ್ಲಿ ಚಿತ್ರಗಳು ನೂರಾರು. ಒಂದರಲ್ಲಿ ಮುಖ ಮಸುಕು, ಇನ್ನೊಂದರಲ್ಲಿ ಯಾರದೋ ಹೆಗಲು ಅಡ್ಡ. ಕಡೆಗೆ ಮದುವೆಯ ಗುಂಪುಚಿತ್ರದಿಂದ ಮುಖವನ್ನು ಬಿಡಿಸಿ ದೊಡ್ಡದು ಮಾಡಿಸಬೇಕಾಗುತ್ತದೆ. ಮೂವತ್ತು ಜನ ನಿಂತಿರುವ 4×6 ಅಂಗುಲದ ಚಿತ್ರದಲ್ಲಿ ಒಂದು ಮುಖ ಕಾಲು ಅಂಗುಲವಿದ್ದರೆ ಹೆಚ್ಚು. ಅದನ್ನು 4 ಅಂಗುಲಕ್ಕೆ ಹಿಗ್ಗಿಸಬೇಕಾದರೆ 16 ಪಟ್ಟು! ಕಣ್ಣು, ಹುಬ್ಬು, ವಿಭೂತಿ ಎಲ್ಲವೂ ಒಂದರೊಳಗೊಂದು ಕರಗಿಹೋಗುತ್ತವೆ.

ದುಬಾರಿ ಕ್ಯಾಮೆರಾ ಕೊಂಡರೆ ಇದು ಸರಿಹೋಗುವುದಿಲ್ಲ. ತೆಗೆದ ಚಿತ್ರಗಳನ್ನು ಮನೆಮಂದಿ ಒಟ್ಟಿಗೆ ಕುಳಿತು ಗುಣದೋಷ ನೋಡುವ ಅಭ್ಯಾಸ ಬೇಕು. ರೀಲಿನಲ್ಲಿ 36 ಚಿತ್ರಗಳು ಮಾತ್ರ ಬರುತ್ತಿದ್ದ ಕಾಲದಲ್ಲಿ ಒಂದೊಂದನ್ನೂ ಯೋಚಿಸಿ ತೆಗೆಯುತ್ತಿದ್ದೆವು. ಈಗ ತೆಗೆಯುತ್ತೇವೆ, ಮರೆಯುತ್ತೇವೆ.

ಇಷ್ಟಲಿಂಗ ಪೂಜೆಯ ಚಿತ್ರವನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಎದುರಿನಿಂದ, ಹತ್ತಿರ ಕುಳಿತು ತೆಗೆಯುತ್ತಾರೆ. ಮುಂದಿರುವ ದೀಪವೋ ಹೂವಿನ ಬುಟ್ಟಿಯೋ ಸ್ಪಷ್ಟವಾಗಿ ಮೂಡಿ, ಪೂಜಿಸುವವರ ಮುಖ ಮಂಜಾಗಿರುತ್ತದೆ. ಕ್ಯಾಮೆರಾ ಒಂದು ನಿರ್ದಿಷ್ಟ ದೂರವನ್ನು ಮಾತ್ರ ಪೂರ್ಣ ಸ್ಪಷ್ಟವಾಗಿ ಹಿಡಿಯುತ್ತದೆ. ಹತ್ತಿರ ಹೋದಷ್ಟೂ ಸ್ಪಷ್ಟತೆಯ ಪಟ್ಟಿ ಕಿರಿದಾಗುತ್ತದೆ. ಎದುರಿನಿಂದ ನೋಡಿದಾಗ ಅಂಗೈ ಮುಂದೆ, ಮುಖ ಹಿಂದೆ. ಎರಡೂ ಒಟ್ಟಿಗೆ ಸ್ಪಷ್ಟವಾಗುವುದು ಕಷ್ಟ. ಅದರ ಬದಲು ಪಕ್ಕಕ್ಕೆ ಸರಿದು ತೆಗೆದು ನೋಡಿರಿ. ಅಂಗೈಯಲ್ಲಿರುವ ಲಿಂಗವೂ ಅದರಲ್ಲಿ ನೆಟ್ಟ ಕಣ್ಣುಗಳೂ ಕ್ಯಾಮೆರಾದಿಂದ ಹೆಚ್ಚುಕಡಿಮೆ ಸಮದೂರದಲ್ಲಿ ಬರುತ್ತವೆ. ಫೋನಾದರೆ ಪರದೆಯ ಮೇಲೆ ಮುಖವಿರುವಲ್ಲಿ ಬೆರಳಿಡಬೇಕು. ಕ್ಯಾಮೆರಾ ಉಳ್ಳವರು ಬೆಳಕು ಸಾಕಷ್ಟಿದ್ದರೆ ದ್ಯುತಿರಂಧ್ರವನ್ನು ಎಫ್ 8ರ ಸುಮಾರಿಗೆ ಕಿರಿದುಗೊಳಿಸಬಹುದು. ಪೂಜೆಗೆ ಮೊದಲೇ ಅನುಮತಿ ಪಡೆದಿರಬೇಕು. ಪೂಜೆಯ ನಡುವೆ 'ಸ್ವಲ್ಪ ಈ ಕಡೆ ನೋಡಿ' ಎನ್ನುವುದು ಸರ್ವಥಾ ಸಲ್ಲದು. ಫ್ಲ್ಯಾಶ್ ಕೂಡ ಬೇಡ. ಅದು ನಿಟ್ಟಿಸಿದ ದೃಷ್ಟಿಯನ್ನು ಕದಲಿಸುತ್ತದೆ, ಹಣೆ ಬೆಳ್ಳಗೆ ಹೊಳೆದು ಮೂರೆಳೆಯ ವಿಭೂತಿ ಕಾಣದಂತಾಗುತ್ತದೆ.

ಅಜ್ಜಿಯ ಚಿತ್ರ ತೆಗೆಯುವಾಗಲೂ ಇದೇ ಮಾತು. ಕಿಟಕಿಗೆ ಬೆನ್ನು ಮಾಡಿ ಕೂರಿಸಿದರೆ ಮುಖ ಕಪ್ಪಾಗುತ್ತದೆ. ಕಿಟಕಿಯ ಪಕ್ಕಕ್ಕೆ, ಬೆಳಕು ಒಂದು ಕೆನ್ನೆಯ ಮೇಲೆ ಬೀಳುವಂತೆ ಕೂರಿಸಿದರೆ ಸುಕ್ಕಿನ ಗೆರೆಗಳೂ ಚೆಲುವಾಗಿ ಮೂಡುತ್ತವೆ. ಫೋನನ್ನು ಮುಖದ ಬಳಿಗೆ ಒಯ್ದರೆ ಮೂಗು ದಪ್ಪವಾಗಿ ಕಾಣುತ್ತದೆ. ಐದಾರು ಅಡಿ ದೂರವಿರಲಿ. ಹಿನ್ನೆಲೆಯತ್ತ ಒಮ್ಮೆ ಕಣ್ಣು ಹಾಯಿಸಿರಿ. ತಲೆಯ ಮೇಲೆಯೇ ಎದ್ದು ನಿಂತಂತಿರುವ ಕ್ಯಾಲೆಂಡರು, ಸ್ವಿಚ್ಚಿನ ಹಲಗೆ, ಹಗ್ಗದ ಮೇಲಿನ ಟವೆಲ್ಲು ತೆಗೆಯುವಾಗ ಕಾಣುವುದಿಲ್ಲ, ಚಿತ್ರದಲ್ಲಿ ಮಾತ್ರ ಮೊದಲು ಕಾಣುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಇವೆಲ್ಲ ಮರೆಯಾಗುತ್ತವೆ. (ಅಜ್ಜಿ ಸೆರಗು ಸರಿಪಡಿಸಿಕೊಳ್ಳುವವರೆಗೆ ಕಾಯುವ ತಾಳ್ಮೆಯೂ ಇರಲಿ!)

ಜಾತ್ರೆಯ ಚಿತ್ರಗಳಲ್ಲಿ ರಥದ ಕಳಸ ತುಂಡಾಗಿರುವುದೇ ಹೆಚ್ಚು. ಫೋನನ್ನು ಉದ್ದಕ್ಕೆ ಹಿಡಿದು, ಹಿಂದೆ ಸರಿದು ನಿಂತರೆ ಸಾಕು.

ಇನ್ನು ವಿಮರ್ಶೆ ಹೇಗೆ? ಸಮಾರಂಭಕ್ಕೆ ಬಾರದಿದ್ದ ಒಬ್ಬರಿಗೆ ಚಿತ್ರ ತೋರಿಸಿ, 'ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?' ಎಂದು ಕೇಳಿರಿ. ತೆಗೆದವರಿಗೆ ಆ ದಿನದ ಸಂಭ್ರಮ ನೆನಪಿರುವುದರಿಂದ ದೋಷ ಕಾಣುವುದಿಲ್ಲ. ನೋಡುವವರು ಪ್ಲಾಸ್ಟಿಕ್ ಕುರ್ಚಿಯನ್ನು ತೋರಿಸಿದರೆ ಮುಂದಿನ ಬಾರಿ ಏನು ಮಾಡಬೇಕೆಂಬುದು ತಿಳಿಯಿತು. ಆಸಕ್ತಿಯುಳ್ಳ ಮಕ್ಕಳಿಗೆ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಚಿತ್ರಗಳನ್ನು ತೋರಿಸಬೇಕು. ಸಾಮಾನ್ಯ ಜನರ ದಿನನಿತ್ಯದ ಬದುಕೇ ಅವುಗಳ ವಸ್ತು. ಚೌಕಟ್ಟಿನೊಳಗೆ ಏನಿರಬೇಕು, ಏನನ್ನು ಬಿಡಬೇಕು ಎಂಬುದು ನೋಡನೋಡುತ್ತ ತಿಳಿಯುತ್ತದೆ.

ಆರಿಸಿದ ಚಿತ್ರವನ್ನು ವಾಟ್ಸಾಪಿನಲ್ಲಿ ಬಂದ ಪ್ರತಿಯಾಗಿ ಇಡಬೇಡಿ, ಅಲ್ಲಿ ಸಾಮಾನ್ಯವಾಗಿ ಅದು ಕುಗ್ಗಿರುತ್ತದೆ. ಮೂಲವನ್ನೇ ಬೇರೆಡೆ ಉಳಿಸಿ, ಮುದ್ರಿಸಿದ ಪ್ರತಿಯ ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿರಿ.