ಪೇಟೆಂಟ್ ಸೋತ ವೈದ್ಯನ ಕೊಳವೆ

ಆಪರೇಷನ್ ಆದವರ ಮಂಚದ ಪಕ್ಕ ಮೂತ್ರದ ಚೀಲ ತೂಗುತ್ತಿರುತ್ತದೆ. ಅದಕ್ಕೆ ಜೋಡಿಸಿದ ಹಳದಿ ರಬ್ಬರ್ ಕೊಳವೆಯೇ ಫೋಲಿ ಕ್ಯಾತಿಟರ್. ಲೋಕದ ಆಸ್ಪತ್ರೆಗಳಲ್ಲೆಲ್ಲ ಇದು ಬಳಕೆಯಲ್ಲಿದೆ. ಆದರೆ ಇದನ್ನು ರೂಪಿಸಿದ ಅಮೆರಿಕದ ಯುರಾಲಜಿಸ್ಟ್ ಫ್ರೆಡರಿಕ್ ಫೋಲಿ ಅವರಿಗೆ ಇದರ ಪೇಟೆಂಟ್ ದಕ್ಕಲಿಲ್ಲ.

ಕಟ್ಟಿದ ಮೂತ್ರವನ್ನು ಕೊಳವೆ ತೂರಿಸಿ ಹೊರತೆಗೆಯುವುದು ಹಳೆಯ ವಿದ್ಯೆ. ಸುಶ್ರುತ ಸಂಹಿತೆ ಅದಕ್ಕೆ ಬೇಕಾದ ನಾಡೀಯಂತ್ರಗಳನ್ನು ಹೇಳುತ್ತದೆ. ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ ಅಣ್ಣನಿಗಾಗಿ ಬೆಂಜಮಿನ್ ಫ್ರಾಂಕ್ಲಿನ್ 1752ರಲ್ಲಿ ಬಾಗುವ ಬೆಳ್ಳಿಯ ಕೊಳವೆ ಮಾಡಿಸಿ ಕಳಿಸಿದ್ದರು. ತೊಡಕಿದ್ದದ್ದು ಕೊಳವೆಯನ್ನು ಒಳಗೇ ನಿಲ್ಲಿಸುವುದರಲ್ಲಿ. ಪಟ್ಟಿ ಅಂಟಿಸುತ್ತಿದ್ದರು, ಕೆಲವೊಮ್ಮೆ ಹೊಲಿದೇ ಬಿಡುತ್ತಿದ್ದರು.

1891ರಲ್ಲಿ ಮಿನೆಸೋಟದಲ್ಲಿ ಹುಟ್ಟಿದ ಫೋಲಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿ ಸೇಂಟ್ ಪಾಲ್ ನಗರದಲ್ಲಿ ವೃತ್ತಿ ನಡೆಸಿದರು. ಅವರ ಚಿಂತೆ ರಕ್ತದ್ದು. ಪ್ರಾಸ್ಟೇಟ್ ಗ್ರಂಥಿ ಕೆತ್ತಿದ ಮೇಲೆ ಸುರಿಯುವ ರಕ್ತವನ್ನು ಒತ್ತಿ ಹಿಡಿಯಲು 1929ರಲ್ಲಿ ಕೊಳವೆಯ ತುದಿಗೆ ಬಲೂನು ಸೇರಿಸುವ ಉಪಾಯ ಹೂಡಿದರು. ಉಬ್ಬಿದ ಬಲೂನು ಗಾಯವನ್ನು ಒತ್ತುತ್ತಿತ್ತು, ಕೊಳವೆ ಜಾರದಂತೆಯೂ ತಡೆಯುತ್ತಿತ್ತು. ಮುಂದೆ ಎಲ್ಲರಿಗೂ ಬೇಕಾದದ್ದು ಈ ಎರಡನೆಯ ಗುಣ. ಫ್ರಾನ್ಸಿನ ರೇಬಾರ್ ಎಂಬ ಶಸ್ತ್ರವೈದ್ಯ 1853ರಲ್ಲೇ ಬಲೂನಿನ ಕೊಳವೆ ಮಾಡಿದ್ದರೂ ಅದು ಹೀಗೆ ಹಬ್ಬಿರಲಿಲ್ಲ. ಫೋಲಿ ಅವರು ಬಲೂನು, ಕೊಳವೆ ಎರಡೂ ಒಂದೇ ಅಖಂಡ ಲೇಟೆಕ್ಸ್ ರಬ್ಬರಿನಲ್ಲಿ ಬರಬೇಕೆಂದು ಹಟ ಹಿಡಿದರು.

ಅಷ್ಟರಲ್ಲಿ ಡಾವೊಲ್ ರಬ್ಬರ್ ಕಂಪನಿಯ ಪಾಲ್ ರೇಷ್ ಅದೇ ಬಗೆಯ ಕೊಳವೆಗೆ ಪೇಟೆಂಟ್ ಪಡೆದರು. ಫೋಲಿ ಅವರ ಅರ್ಜಿ ಹೋದದ್ದು ಕೆಲವೇ ತಿಂಗಳ ಬಳಿಕ, 1936ರ ಅಕ್ಟೋಬರಿನಲ್ಲಿ. ಮೇಲ್ಮನವಿಯಲ್ಲಿ ಫೋಲಿ ಗೆದ್ದರು. ರೇಷ್ ಕೋರ್ಟಿಗೆ ಹೋದರು, ತೀರ್ಪು ತಿರುಗಿಬಿತ್ತು. ರೋಗಿಗಳ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ತಿದ್ದಿದವರು ಕಾಗದದ ಮೇಲೆ ಸೋತದ್ದನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಕೊಳವೆಯನ್ನು ಮಾರಿದ ಬಾರ್ಡ್ ಕಂಪನಿ ಫೋಲಿ ಅವರ ಹೆಸರನ್ನೇ ಉಳಿಸಿತು, ಅಷ್ಟು ಸಮಾಧಾನ. ಅವರ ವಿವರವಾದ ಪ್ರಬಂಧ 1937ರಲ್ಲಿ ಅಚ್ಚಾಯಿತು. ಮೂತ್ರ ಹಿಡಿದಿಡಲಾಗದವರಿಗೆ ಕೃತಕ ಕವಾಟವೊಂದನ್ನೂ ಅವರು ಮುಂದೆ ಯೋಚಿಸಿದರು.

ಒಳಗೇ ನಿಲ್ಲುವ ಕೊಳವೆ ಸೋಂಕಿಗೂ ದಾರಿಯಾಯಿತು. ಆಗೆಲ್ಲ ಕೊಳವೆಯ ಇನ್ನೊಂದು ತುದಿ ತೆರೆದ ಪಾತ್ರೆಯಲ್ಲಿರುತ್ತಿತ್ತು. ನಾಲ್ಕು ದಿನದೊಳಗೆ ಬಹುತೇಕ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯ. ಮುಚ್ಚಿದ ಚೀಲ ಇದನ್ನು ತಗ್ಗಿಸುತ್ತದೆಂದು ಕುನಿನ್ ಮತ್ತು ಮೆಕಾರ್ಮ್ಯಾಕ್ ಎಂಬ ಸಂಶೋಧಕರು 1966ರಲ್ಲಿ ತೋರಿಸಿದರು. ಫೋಲಿ ತೀರಿಕೊಂಡದ್ದೂ ಅದೇ ವರ್ಷ. 1972ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಸ್ ಇನ್ನೂ ಮುಂದೆ ಹೋದರು: ರೋಗಿಯೇ ಕೈತೊಳೆದುಕೊಂಡು, ದಿನಕ್ಕೆ ಹಲವು ಸಲ ಕೊಳವೆ ಹಾಕಿ ತೆಗೆಯಲಿ. ಮೂತ್ರಕೋಶ ತುಂಬಿ ಬಿಗಿಯದಂತೆ ಬರಿದುಮಾಡುವುದು ಪೂರ್ಣ ಕ್ರಿಮಿರಾಹಿತ್ಯಕ್ಕಿಂತ ಮುಖ್ಯ ಎಂಬ ಅವರ ವಾದ, ಬೆನ್ನುಹುರಿಗೆ ಪೆಟ್ಟಾದವರ ಬದುಕನ್ನೇ ಬದಲಿಸಿತು.

ಕೊಳವೆಗೆ ಬೆಳ್ಳಿ ಮಿಶ್ರಲೋಹದ ಲೇಪ ಕೊಟ್ಟು ಸೋಂಕು ತಡೆಯುವ ಆಸೆಯೂ ಇತ್ತು. ಬ್ರಿಟನ್ನಿನಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ, ಅಲ್ಪಾವಧಿಗೆ ಕೊಳವೆ ಹಾಕಿಸಿಕೊಂಡವರಿಗೆ ಅದರಿಂದ ಲಾಭವಿಲ್ಲವೆಂದಿತು. ನನ್ನನ್ನು ಹೆಚ್ಚು ಕಾಡುವುದು ಮಿಷಿಗನ್‌ನ ವೈದ್ಯ ಸಂಜಯ್ ಸೇಂಟ್ ಮತ್ತು ಸಂಗಡಿಗರ 2000ದ ಅಧ್ಯಯನ. ತಮ್ಮ ರೋಗಿಗೆ ಕ್ಯಾತಿಟರ್ ಹಾಕಿದೆಯೆಂಬುದೇ ವೈದ್ಯರಿಗೆ ತಿಳಿದಿರದಿದ್ದದ್ದು ಶೇ 28ರಷ್ಟು ಸಂದರ್ಭಗಳಲ್ಲಿ. ಹಾಕಿದ್ದು ಮರೆತರೆ ತೆಗೆಸುವವರು ಯಾರು? ಕೊಳವೆ ಒಳಗಿರುವ ಒಂದೊಂದು ದಿನವೂ ಬ್ಯಾಕ್ಟೀರಿಯ ಸೇರುವ ಅಪಾಯ ಶೇ 3ರಿಂದ 7ರಷ್ಟು ಏರುತ್ತದೆ.

ಹೀಗಾಗಿ ಈಚಿನ ಪ್ರಯತ್ನಗಳ ಗಮನ ಕೊಳವೆಯನ್ನು ಬೇಗ ತೆಗೆಸುವತ್ತ ಹೊರಳಿದೆ. ಇದು ಇಂದೂ ಬೇಕೇ ಎಂದು ನರ್ಸ್ ದಿನಾ ಕೇಳುತ್ತಾರೆ. ಕಾರಣವಿಲ್ಲವೆಂದರೆ, ಮೊದಲೇ ಒಪ್ಪಿದ ನಿಯಮದಂತೆ, ವೈದ್ಯರ ಹೊಸ ಚೀಟಿಗೆ ಕಾಯದೆ ಬಲೂನಿನ ನೀರನ್ನು ಸಿರಿಂಜಿನಿಂದ ಎಳೆದು ಕೊಳವೆ ತೆಗೆಯುತ್ತಾರೆ. ರೋಗಿಯ ಬಳಿ ರಾತ್ರಿ ಕಳೆಯುವ ಮನೆಯವರೂ ಈ ಪ್ರಶ್ನೆಯನ್ನು ಧೈರ್ಯವಾಗಿ ಕೇಳಬಹುದು.