ಕೂಸು ನೋಡಿಕೊಳ್ಳುವ ಮನೆಗೂ ನೋಂದಣಿ ಬೇಕು

ಹೂವಿನಹಡಗಲಿ ಸೀಮೆಯ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುವ ಕೆಲಸ ಹೊತ್ತು ಮೂಡುವ ಮುಂಚೆಯೇ ಶುರುವಾಗುತ್ತದೆ. ಬಿಸಿಲೇರಿದರೆ ಮೊಗ್ಗು ಬಾಡುತ್ತದೆ, ಮಾರುಕಟ್ಟೆಯ ಹೊತ್ತೂ ತಪ್ಪುತ್ತದೆ. ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಯ ಮೇಲೆ. ನಡುವಿನ ಮೂರ್ನಾಲ್ಕು ತಾಸು ಹೂ ಬಿಡಿಸುವವಳ ಕೂಸು ಎಲ್ಲಿರಬೇಕು?

ಮಾಗಳದಿಂದ ಕೂಡ್ಲಿಗಿಯವರೆಗೆ ಎಲ್ಲಿ ಕೇಳಿದರೂ ಈ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಅಜ್ಜಿ ಇದ್ದರೆ ಅಜ್ಜಿ. ಇಲ್ಲವಾದರೆ ಶಾಲೆ ತಪ್ಪಿಸಿಕೊಂಡ ಅಕ್ಕ. ಅವಳೂ ಇಲ್ಲದಿದ್ದರೆ ಬದುವಿನ ಬೇವಿನ ಕೊಂಬೆಗೆ ಕಟ್ಟಿದ ಹಳೆ ಸೀರೆಯ ಜೋಲಿ. ಅದೂ ಆಗದಿದ್ದರೆ ಓಣಿಯಲ್ಲಿ ನಾಲ್ಕು ಮನೆಯ ಕೂಸುಗಳನ್ನು ತಿಂಗಳಿಗಿಷ್ಟು ಎಂದು ಇಟ್ಟುಕೊಳ್ಳುವ ಒಬ್ಬ ಹೆಂಗಸು. ಕೊಟ್ಟೂರು, ಹರಪನಹಳ್ಳಿಯಂಥ ಪಟ್ಟಣಗಳಲ್ಲಿ ನೌಕರಿಗೆ ಹೋಗುವ ತಾಯಂದಿರು ಪ್ಲೇ ಹೋಮ್, ಡೇ ಕೇರ್ ಹುಡುಕುತ್ತಾರೆ. ಈ ಅಧ್ಯಾಯ ಇರುವುದು ಕೊನೆಯ ಎರಡು ಬಗೆಯವರ ಬಗ್ಗೆ: ಹಣ ಪಡೆದು ಬೇರೆಯವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವವರು.

ಕಾನೂನು ಎಣಿಸುವುದು ಯಾರನ್ನು?

ನಮ್ಮಲ್ಲಿ ಶಿಶುಪಾಲನೆಯ ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆ, 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದಿತು. 1951ರ ತೋಟ ಕಾರ್ಮಿಕರ ಕಾಯ್ದೆ ಕಾಫಿ, ಚಹಾ ತೋಟಗಳಿಗೂ, 1996ರ ಕಾಯ್ದೆ ಕಟ್ಟಡ ಕೆಲಸದ ಜಾಗಗಳಿಗೂ ಇದನ್ನೇ ವಿಧಿಸಿದವು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಗೆರೆ ಎಳೆದಿರುವುದು 50ರಲ್ಲೇ.

ಇವು ಹೆಚ್ಚಾಗಿ ಎಣಿಸುವುದು ಕೆಲಸಗಾರರ ತಲೆಯನ್ನು, ಮಕ್ಕಳನ್ನಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಚಿಕ್ಕಮಗಳೂರಿಗೆ, ಕೊಡಗಿಗೆ ಗುಳೆ ಹೋದ ತಾಯಿಗೆ ಅಲ್ಲಿನ ದೊಡ್ಡ ಎಸ್ಟೇಟಿನಲ್ಲಿ ಶಿಶುವಿಹಾರ ಕೇಳುವ ಹಕ್ಕುಂಟು. ಅವಳೇ ತನ್ನೂರಿಗೆ ಬಂದು ಮೂರು ಎಕರೆಯ ಶೇಂಗಾ ಹೊಲಕ್ಕೆ ಕೂಲಿಗೆ ಹೋದರೆ ಆ ಹಕ್ಕು ಇಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಮಕ್ಕಳನ್ನು ಎಣಿಸಿತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ, ಅವರನ್ನು ನೋಡಿಕೊಳ್ಳಲು ಕೂಲಿಕಾರ ಹೆಂಗಸರಲ್ಲೇ ಒಬ್ಬರನ್ನು ನೇಮಿಸಿ ಕೂಲಿ ಕೊಡಬೇಕೆಂದು ಬರೆಯಿತು. ಕೂಸು ಕಾಯುವುದೂ ಕೂಲಿಗೆ ಅರ್ಹವಾದ ದುಡಿಮೆ ಎಂದು ಕಾನೂನು ಒಪ್ಪಿದ ದೊಡ್ಡ ಮಾತು ಅದು.

ಸರ್ಕಾರ ನಡೆಸುವ ಕೇಂದ್ರಗಳು

1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆ ಮೂರರಿಂದ ಆರು ವರ್ಷದ ಮಕ್ಕಳನ್ನು ಕೂರಿಸಿಕೊಂಡಿತು. ಮೂರು ವರ್ಷದೊಳಗಿನ ಕೂಸಿಗೆ ಪೌಷ್ಟಿಕ ಆಹಾರ ಮನೆಗೆ ಬಂತು, ಕೂಸನ್ನು ಹಗಲಿಡೀ ಇಟ್ಟುಕೊಳ್ಳುವ ಏರ್ಪಾಡು ಬರಲಿಲ್ಲ. ಆ ತೆರಪು ತುಂಬಲೆಂದು ಕರ್ನಾಟಕ ಸರ್ಕಾರ 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ತಂದಿತು. ಜಾಬ್ ಕಾರ್ಡ್ ಇರುವ ಕುಟುಂಬಗಳ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡುವುದು ಇದರ ವಿಶೇಷ. ಕೇಂದ್ರದ ‘ಪಾಲನಾ’ ಯೋಜನೆ ಅಂಗನವಾಡಿಯ ಜೊತೆಗೇ ಶಿಶುಪಾಲನೆಯನ್ನೂ ಸೇರಿಸುತ್ತದೆ. ಇವು ಸರ್ಕಾರದ ಪುಸ್ತಕದಲ್ಲಿರುವ ಕೇಂದ್ರಗಳು. ಹಾಜರಿ ಉಂಟು, ತಪಾಸಣೆ ಉಂಟು, ಕೇಳುವವರಿದ್ದಾರೆ.

ಖಾಸಗಿ ಮನೆಗಳ ಸಂಗತಿ

ಸಂತೆಯಲ್ಲಿ ತರಕಾರಿ ತೂಗುವ ತಕ್ಕಡಿಗೂ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಹಣ ಪಡೆದು ಹತ್ತು ಕೂಸುಗಳನ್ನು ಹಗಲಿಡೀ ಇಟ್ಟುಕೊಳ್ಳುವ ಮನೆಗೆಂದೇ ದೇಶಕ್ಕೆಲ್ಲ ಅನ್ವಯವಾಗುವ ಒಂದು ನೋಂದಣಿ ಕಾಯ್ದೆ ಇಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 41ನೇ ಕಲಂ ನೋಂದಣಿಯನ್ನು ಕಡ್ಡಾಯ ಮಾಡಿದೆ ನಿಜ, ಆದರೆ ಅದು ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳಿಗೆ. ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಮಕ್ಕಳ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕಲಂ ಅಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಅದು ಮೂರರಿಂದ ಆರು ವರ್ಷದ ಮಕ್ಕಳದ್ದು, ಮಾರ್ಗಸೂಚಿಗೆ ಕಾಯ್ದೆಯ ಬಲವೂ ಇಲ್ಲ.

ಅನಾಹುತ ಆದಮೇಲೆ ಶಿಕ್ಷಿಸುವ ಕಾನೂನು ಮಾತ್ರ ಗಟ್ಟಿಯಾಗಿದೆ. ಬಾಲ ನ್ಯಾಯ ಕಾಯ್ದೆಯ 75ನೇ ಕಲಮಿನಂತೆ, ಮಗುವಿನ ಹೊಣೆ ಹೊತ್ತವರು ಅದನ್ನು ಹೊಡೆದರೆ, ಹಿಂಸಿಸಿದರೆ, ಬೇಕೆಂದೇ ನಿರ್ಲಕ್ಷಿಸಿದರೆ ಮೂರು ವರ್ಷದವರೆಗೆ ಸೆರೆವಾಸ. ಪಾಲನೆಯ ಸಂಸ್ಥೆ ನಡೆಸುವವರೋ ಅಲ್ಲಿನ ನೌಕರರೋ ಆದರೆ ಐದು ವರ್ಷದವರೆಗೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕ ಯಾರೇ ಆದರೂ ದೂರು ಕೊಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಆದರೆ ಎರಡು ವರ್ಷದ ಕೂಸಿಗೆ ದೂರು ಹೇಳಲು ಬಾಯಿಲ್ಲ. ಅದಕ್ಕಾಗಿಯೇ ಅನಾಹುತಕ್ಕೆ ಮುಂಚೆ ಹೋಗಿ ನೋಡುವ ಕಣ್ಣು ಬೇಕು. ಆ ಕಣ್ಣೇ ನೋಂದಣಿ.

ಬೇರೆ ದೇಶಗಳ ದಾರಿ

ಇಂಗ್ಲೆಂಡಿನಲ್ಲಿ ಹಣ ಪಡೆದು ಸಾಕಲು ಇಟ್ಟುಕೊಂಡ ಹಸುಗೂಸುಗಳು ಸಾಯುತ್ತಿದ್ದವೆಂದು ಗದ್ದಲವೆದ್ದು 1872ರಲ್ಲಿ ಮೊದಲ ನೋಂದಣಿ ಕಾಯ್ದೆ ಬಂತು. ಒಂದು ವರ್ಷದೊಳಗಿನ ಎರಡು ಅಥವಾ ಹೆಚ್ಚು ಕೂಸುಗಳನ್ನು 24 ತಾಸು ಮೀರಿ ಇಟ್ಟುಕೊಳ್ಳುವವರಿಗಷ್ಟೇ ಅದು ಅನ್ವಯಿಸಿತು. ಹಗಲು ನೋಡಿಕೊಳ್ಳುವವರ ನೋಂದಣಿಗೆ ಅಲ್ಲೂ 1948ರವರೆಗೆ ಕಾಯಬೇಕಾಯಿತು. ಈಗ ಅಲ್ಲಿ ಎಂಟು ವರ್ಷದೊಳಗಿನ ಮಗುವನ್ನು ಮನೆಯಲ್ಲಿ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಹೊತ್ತು ಹಣಕ್ಕೆ ನೋಡಿಕೊಳ್ಳುವವರು ನೋಂದಾಯಿಸಿಕೊಳ್ಳಲೇಬೇಕು. ಜರ್ಮನಿಯಲ್ಲಿ ಇಂಥ ಮನೆಗೆ ಐದು ಮಕ್ಕಳವರೆಗೆ, ಐದು ವರ್ಷದ ಅವಧಿಗೆ ಅನುಮತಿ ಕೊಡುತ್ತಾರೆ. ದೂರದ ಮಾತೇಕೆ, ಪಕ್ಕದ ಬಾಂಗ್ಲಾದೇಶ 2021ರಲ್ಲೇ ಶಿಶು ಹಗಲುಪಾಲನಾ ಕೇಂದ್ರಗಳ ಕಾಯ್ದೆ ಮಾಡಿ ನೋಂದಣಿ ಕಡ್ಡಾಯ ಮಾಡಿತು.

ನಮಗೆ ಎಂಥ ನೋಂದಣಿ ಬೇಕು?

ನೋಂದಣಿ ಅಂದಕೂಡಲೇ ಓಣಿಯ ಹೆಂಗಸಿಗೆ ಹೆದರಿಕೆ. ಶುಲ್ಕ, ಓಡಾಟ, ಕೈಬಿಸಿ, ಕೊನೆಗೆ ಬಾಗಿಲು ಮುಚ್ಚಿಸುವ ನೋಟಿಸು. ಈ ಹೆದರಿಕೆ ಸುಳ್ಳಲ್ಲ. ಕೂಸು ನೋಡಿಕೊಳ್ಳುವವಳೂ ಕೂಲಿಕಾರಳಷ್ಟೇ ಬಡವಿ. ಅವಳ ಮನೆ ಮುಚ್ಚಿಸಿದರೆ ಕೂಸು ಮತ್ತೆ ಬದುವಿಗೆ ಹೋಗುತ್ತದೆ, ಅಕ್ಕ ಮತ್ತೆ ಶಾಲೆ ಬಿಡುತ್ತಾಳೆ.

ಆದ್ದರಿಂದ ನಿಯಮ ಎರಡು ಹಂತದಲ್ಲಿರಲಿ. ಐದು ಮಕ್ಕಳವರೆಗೆ ನೋಡಿಕೊಳ್ಳುವ ಮನೆಗೆ ಶುಲ್ಕವಿಲ್ಲದೆ ಗ್ರಾಮ ಪಂಚಾಯಿತಿಯಲ್ಲೇ ಹೆಸರು ಬರೆಸುವ ಅನುಕೂಲ. ಅದಕ್ಕಿಂತ ದೊಡ್ಡದಕ್ಕೆ ಕಟ್ಟಡ, ಬೆಂಕಿ, ನೀರು, ಸಿಬ್ಬಂದಿಯ ಪೂರ್ತಿ ತಪಾಸಣೆ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಸಹಿ. ಹೆಸರು ಬರೆಸಿದವಳಿಗೆ ಪ್ರಥಮ ಚಿಕಿತ್ಸೆಯ ತರಬೇತಿ, ಆಶಾ ಕಾರ್ಯಕರ್ತೆಯ ಭೇಟಿ, ಅಂಗನವಾಡಿಯ ಆಹಾರದಲ್ಲಿ ಪಾಲು ಸಿಗಲಿ. ಕೊಡುವುದು ಏನಾದರೂ ಇದ್ದರೆ ಹೆಸರು ಬರೆಸಲು ಜನ ತಾವಾಗಿ ಬರುತ್ತಾರೆ.

ಕಾಯ್ದೆ ಬರುವವರೆಗೆ ತಾಯ್ತಂದೆಯರು ಕೇಳಬೇಕಾದದ್ದು

- ಒಬ್ಬರ ಕೈಗೆ ಎಷ್ಟು ಕೂಸುಗಳು? ಅವರಿಗೆ ಜ್ವರ ಬಂದ ದಿನ ಯಾರು ನೋಡುತ್ತಾರೆ?
- ಒಲೆ, ನೀರಿನ ತೊಟ್ಟಿ, ಹಂಡೆ, ಸ್ವಿಚ್ಚು ಕೂಸಿನ ಕೈಗೆ ಎಟಕುತ್ತವೆಯೇ?
- ಮನೆಯಲ್ಲಿ ಬೇರೆ ಯಾರ್ಯಾರು ಇರುತ್ತಾರೆ, ಯಾರು ಬಂದುಹೋಗುತ್ತಾರೆ?
- ಕೂಸನ್ನು ಕರೆದೊಯ್ಯಲು ಯಾರಿಗೆ ಮಾತ್ರ ಬಿಡಬೇಕೆಂದು ಬರೆದಿಟ್ಟಿದ್ದಾರೆಯೇ?
- ಹೇಳದೆ ಕೇಳದೆ ನಡುಹಗಲು ಹೋದರೆ ಒಳಗೆ ಬಿಡುತ್ತಾರೆಯೇ?

ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದರೆ ಅಲ್ಲಿ ಕೂಸನ್ನು ಬಿಡಬೇಡಿ. ಅನುಮಾನ ಬಂದರೆ 1098ಕ್ಕೆ ಕರೆ ಮಾಡಿ, ಈ ಮಕ್ಕಳ ಸಹಾಯವಾಣಿಗೆ ಹಣ ಕೊಡಬೇಕಿಲ್ಲ.

ನಿಮ್ಮೂರಿನ ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಎರಡೇ ಮಾತು ಕೇಳಿ. ನಮ್ಮ ಪಂಚಾಯಿತಿಯ ಕೂಸಿನ ಮನೆ ಯಾವ ಹೊತ್ತಿಗೆ ತೆರೆಯುತ್ತದೆ? ನಮ್ಮೂರಲ್ಲಿ ಬೇರೆಯವರ ಕೂಸು ನೋಡಿಕೊಳ್ಳುವ ಮನೆಗಳು ಎಷ್ಟಿವೆ, ಅವುಗಳ ಪಟ್ಟಿ ಯಾರ ಹತ್ತಿರ ಇದೆ? ಪಟ್ಟಿ ಇಲ್ಲವೆಂದರೆ ಅಂದೇ ಠರಾವು ಮಾಡಿಸಿ, ಒಂದು ರಿಜಿಸ್ಟರು ತೆರೆಸಿ. ಅದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ.